ಊರಲ್ಲಿರುವ ಅಪ್ಪನಿಗೆ ಸ್ಮಾರ್ಟ್‌ಫೋನ್: ನಿಮ್ಮ ಮನೆಯಲ್ಲಿ ಹೇಗೆ ಮಾಡಿದ್ದೀರಿ?

ಕೇಳಿದವರು: ಜಮಖಂಡಿ ಕಡೆಯವರು, ಈಗ ಪುಣೆಯಲ್ಲಿ ಕೆಲಸ

ಜಮಖಂಡಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಪ್ಪನ ಕಿರಾಣಿ ಅಂಗಡಿ ಇದೆ. ವಯಸ್ಸು ಅರವತ್ತು ದಾಟಿದೆ, ಶುಗರ್ ಇದೆ. ಇಷ್ಟು ದಿನ ಕೀಪ್ಯಾಡ್ ಫೋನ್ ಸಾಕಾಗಿತ್ತು. ಈಗ ಹುಡುಗರೆಲ್ಲ "ಸ್ಕ್ಯಾನರ್ ಇಲ್ಲೇನ್ರಿ ಕಾಕಾ?" ಅಂತ ಕೇಳಿ ಮುಂದಿನ ಅಂಗಡಿಗೆ ಹೋಗುತ್ತಿದ್ದಾರೆ. ಈ ಸಲ ಊರಿಗೆ ಹೋದಾಗ ಸ್ಮಾರ್ಟ್‌ಫೋನ್ ಕೊಡಿಸಬೇಕು ಅಂತಿದ್ದೇನೆ. ಅವ್ವನಿಗೆ ಮೋಸದ ಕರೆಗಳ ಹೆದರಿಕೆ, ಬೇಡವೇ ಬೇಡ ಅನ್ನುತ್ತಾಳೆ. ವ್ಯವಹಾರ ಎಲ್ಲ ನನ್ನ ಫೋನಿಗೇ ಬರುವ ಹಾಗೆ ಮಾಡಲಾ ಅಂದರೆ ಅಪ್ಪ ಒಪ್ಪಲಿಲ್ಲ. "ನನ್ನ ಅಂಗಡಿ ರೊಕ್ಕ ನನ್ನ ಕೈಯಾಗ ಇರಬೇಕು" ಅಂದರು. ಅಂಗಡಿ, ಆರೋಗ್ಯ, ಮೋಸ, ಈ ಮೂರರ ಬಗ್ಗೆ ಅನುಭವ ಇದ್ದವರು ದಯವಿಟ್ಟು ಹೇಳಿ.

ಅಥಣಿ, ಚಪ್ಪಲಿ ವ್ಯಾಪಾರ

ಅಪ್ಪಾರು ಹೇಳಿದ್ದೇ ಸರಿ ತಮ್ಮಾ. ಅಂಗಡಿಯಲ್ಲಿ ಕೂತವರಿಗೇ ರೊಕ್ಕ ಬಂದದ್ದು ಗೊತ್ತಾಗಬೇಕು. ನೀವು ಪುಣೆಯಲ್ಲಿ ಮೀಟಿಂಗ್‌ನಲ್ಲಿದ್ದಾಗ ಗಿರಾಕಿ ನಿಂತುಕೊಂಡು ಕಾಯುತ್ತಾನಾ?

ಫೋನಿನ ಜೊತೆಗೇ ಸೌಂಡ್ ಬಾಕ್ಸ್, ಅಂದರೆ ರೊಕ್ಕ ಬಂದದ್ದನ್ನು ಕೂಗಿ ಹೇಳುವ ಡಬ್ಬಿ ತರಿಸಿ. ತಿಂಗಳ ಬಾಡಿಗೆ ಇರುತ್ತದೆ, ಇರಲಿ. ಸಂತೆ ದಿನ ಗದ್ದಲದಲ್ಲಿ ಒಬ್ಬ ಬಂದು "ಹಾಕೀನಿ ನೋಡ್ರಿ" ಅಂತ ಫೋನ್ ತೋರಿಸಿ ಹೊರಟುಬಿಡುತ್ತಾನೆ. ತೋರಿಸಿದ್ದು ಹಳೆಯ ಸ್ಕ್ರೀನ್‌ಶಾಟ್ ಇರಬಹುದು. ಅಸಲಿ ಹಾಗೇ ಕಾಣುವ ನಕಲಿ ಆಪ್‌ಗಳೂ ಇವೆ, ಹಸಿರು ಟಿಕ್ ಎಲ್ಲ ಬರುತ್ತದೆ. ನಮ್ಮಲ್ಲಿ ಒಂದೇ ನಿಯಮ: ಡಬ್ಬಿ ಕನ್ನಡದಲ್ಲಿ ಇಷ್ಟು ರೂಪಾಯಿ ಬಂತು ಅಂತ ಹೇಳಿದ ಮೇಲೇ ಚಪ್ಪಲಿ ಕೈಗೆ. ಪರಿಚಯದವರಾದರೂ ಅಷ್ಟೇ. ಇನ್ನೊಂದು, ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಕ್ಯೂಆರ್ ಸ್ಟಿಕ್ಕರ್ ಮೇಲೆ ಬೆರಳು ಆಡಿಸಿ ನೋಡಲಿ. ಅದರ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವವರಿದ್ದಾರೆ. ಅಂಚು ದಪ್ಪ ಅನ್ನಿಸಿದರೆ ಕಿತ್ತು ನೋಡಿ.

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ, ಅಂದರೆ ಆ ಊರಿನ ಮಾಲು ಅನ್ನುವ ಗುರುತು, ಸಿಕ್ಕಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಲ್ಲಿ ಬಂದವು. ಈಗ ನಮಗೆ ದೂರದ ಆರ್ಡರ್‌ಗಳು ವಾಟ್ಸಾಪ್‌ನಲ್ಲೇ ಬರುತ್ತವೆ. ಇದರಿಂದ ಮನೆ ನಡೆಯುತ್ತಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ದಾರಿಯಲ್ಲಿ ಕಳ್ಳರೂ ಬರುತ್ತಾರೆ. "ನಾನು ಆರ್ಮಿ ಆಫೀಸರ್, ಐವತ್ತು ಜೋಡಿ ಬೇಕು, ಅಡ್ವಾನ್ಸ್ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂತ ಕರೆ. ರೊಕ್ಕ ಬರೋದಕ್ಕೆ ಪಿನ್ ಬೇಕಾಗಿಲ್ಲ. ಪಿನ್ ಹಾಕಿದರೆ ನಮ್ಮ ಖಾತೆಯಿಂದ ಹೋಗುತ್ತದೆ. ಅಪ್ಪನಿಗೆ ಮೊದಲ ದಿನ ಇದೊಂದನ್ನೇ ಕಲಿಸಿ, ಉಳಿದದ್ದು ನಿಧಾನವಾಗಿ.

ವಿಜಯಪುರ, ಜಿಎಸ್‌ಟಿ ಲೆಕ್ಕ ಬರೆಯುವವರು

ಅಂಗಡಿಗೆ ಬೇರೆ ಖಾತೆ ಮಾಡಿಸಿ, ಅದನ್ನು ಮಾತ್ರ ಯುಪಿಐಗೆ ಜೋಡಿಸಿ. ಠೇವಣಿ, ಮನೆಯ ಉಳಿತಾಯ ಇರುವ ಖಾತೆ ಬೇಡ. ಇದರಲ್ಲಿ ಎರಡು ಲಾಭ. ಏನಾದರೂ ಹೋದರೂ ಅಂಗಡಿ ಖಾತೆಯಲ್ಲಿದ್ದಷ್ಟೇ ಹೋಗುತ್ತದೆ. ಎರಡನೆಯದು ತೆರಿಗೆ.

2025ರ ಜುಲೈನಲ್ಲಿ ಏನಾಯಿತು ನೆನಪಿದೆಯಲ್ಲ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿ ತೆರಿಗೆ ಕಟ್ಟಿ ಅಂತ ಬಂತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದರು. ನಮ್ಮಲ್ಲೂ ಅವತ್ತು ಫೋನ್ ಮೇಲೆ ಫೋನ್. ವಿನಾಯಿತಿ ಇರುವ ಮಾಲು ಮಾರುವವರಿಂದ ವಸೂಲಿ ಇಲ್ಲ ಅಂತ ಆಮೇಲೆ ಸರ್ಕಾರ ಹೇಳಿತು.

ಆದರೆ ಭಯ ಇನ್ನೂ ಹೋಗಿಲ್ಲ. ಹಾಗಾಗಿ ಬಿಡಿಸಿ ಹೇಳುತ್ತೇನೆ. ಮಾಲು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆಗೆ ಈ ಮಿತಿ 20 ಲಕ್ಷ. ಬರೀ ತರಕಾರಿ, ಹಾಲು ಮಾರುವವರಿಗೆ ಈ ತಾಪತ್ರಯ ಇಲ್ಲ. ಕಿರಾಣಿ ಹಾಗಲ್ಲ. ಬಿಡಿ ಅಕ್ಕಿ, ಜೋಳದ ಜೊತೆ ಸೋಪು, ಬಿಸ್ಕತ್ತು, ಎಣ್ಣೆ ಎಲ್ಲ ಇರುತ್ತವೆ. ಆಗ ತೆರಿಗೆ ಇಲ್ಲದ ಮಾಲಿನ ವ್ಯಾಪಾರವೂ ಸೇರಿ 40 ಲಕ್ಷದ ಲೆಕ್ಕ ಆಗುತ್ತದೆ. ಅದಕ್ಕೇ ಮಗ ಕಳಿಸಿದ ರೊಕ್ಕ, ಅಳಿಯ ತೀರಿಸಿದ ಕೈಗಡ, ಯಾವುದೂ ಅಂಗಡಿ ಖಾತೆಗೆ ಬರಬಾರದು. ಬಂದರೆ ಅದೂ ವ್ಯಾಪಾರದ ಹಾಗೆ ಕಾಣುತ್ತದೆ. ಮಿತಿ ದಾಟಿದರೂ ದಿಗಿಲು ಬೇಡ. ಒಂದೂವರೆ ಕೋಟಿಯವರೆಗೆ ಕಾಂಪೋಸಿಷನ್ ಅನ್ನುವ ಸರಳ ತೆರಿಗೆ ಪದ್ಧತಿ ಇದೆ, ವ್ಯಾಪಾರಿಗೆ ಶೇ. 1 ತೆರಿಗೆ. ಖರೀದಿ ಬಿಲ್ಲುಗಳನ್ನು ಮಾತ್ರ ಎಸೆಯಬೇಡಿ.

ಬೆಳಗಾವಿ, ಸಾಫ್ಟ್‌ವೇರ್ ಕೆಲಸ

ನಾನು ಅಪ್ಪನ ಫೋನಿನಲ್ಲಿ ಸ್ಕ್ರೀನ್ ಹಂಚಿಕೊಳ್ಳುವ ಆಪ್ ಹಾಕಿದ್ದೇನೆ. ಏನೇ ತೊಂದರೆ ಆದರೂ ಇಲ್ಲಿಂದಲೇ ಸರಿ ಮಾಡುತ್ತೇನೆ. ತುಂಬಾ ಅನುಕೂಲ.

ಗೋಕಾಕ, ಬ್ಯಾಂಕಿನಿಂದ ನಿವೃತ್ತಿ

ಬೆಳಗಾವಿಯ ತಮ್ಮ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಮೋಸ ಮಾಡುವವರು ಹಾಕಿಸುವುದೂ ಇದೇ ಆಪ್. "ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ಕೆವೈಸಿ ನಿಂತಿದೆ, ಈ ಆಪ್ ಹಾಕಿ, ಅದರಲ್ಲಿ ಕಾಣುವ ನಂಬರ್ ಹೇಳಿ" ಅನ್ನುತ್ತಾರೆ. ಮಗನೇ ಅದನ್ನು ರೂಢಿ ಮಾಡಿಸಿದ್ದರೆ ಅಪ್ಪನಿಗೆ ಅನುಮಾನವೇ ಬರುವುದಿಲ್ಲ. ದಯವಿಟ್ಟು ಇವತ್ತೇ ತೆಗೆದುಬಿಡಿ. ವಿಡಿಯೋ ಕಾಲ್ ಮಾಡಿ, ಅವ್ವನ ಫೋನಿನಿಂದ ಅಪ್ಪನ ಸ್ಕ್ರೀನ್ ತೋರಿಸಲು ಹೇಳಿ. ಸ್ವಲ್ಪ ತಡ ಆಗುತ್ತದೆ, ಆದರೆ ಅವರೇ ಒತ್ತಿ ಅವರೇ ಕಲಿಯುತ್ತಾರೆ.

ಈಗ ಲಗ್ನಪತ್ರಿಕೆ ಕೂಡ ವಾಟ್ಸಾಪ್‌ನಲ್ಲೇ ಬರುತ್ತದಲ್ಲ, ಅದರ ಹೆಸರಲ್ಲೂ ಮೋಸ ಇದೆ. ಪರಿಚಯದವರ ನಂಬರಿನಿಂದಲೇ ಬರಬಹುದು, ಯಾಕೆಂದರೆ ಅವರ ಫೋನಿನೊಳಗೆ ಕಳ್ಳರು ಮೊದಲೇ ಹೊಕ್ಕಿರುತ್ತಾರೆ. ಫೈಲಿನ ಹೆಸರಿನ ಕೊನೆಗೆ ಎಪಿಕೆ (.apk) ಅಂತಿದ್ದರೆ ಅದು ಪತ್ರಿಕೆ ಅಲ್ಲ, ಆಪ್. ಒತ್ತಿ ಒಳಗೆ ಬಿಟ್ಟುಕೊಂಡರೆ ನಿಮಗೆ ಬರುವ ಓಟಿಪಿ ಮೆಸೇಜುಗಳನ್ನು ಅವರು ಓದುತ್ತಾರೆ. ಟ್ರಾಫಿಕ್ ದಂಡ, ಪಿಎಂ ಕಿಸಾನ್ ಹೆಸರಲ್ಲೂ ಹೀಗೇ ಬರುತ್ತವೆ.

ಎಲ್ಲಕ್ಕಿಂತ ಕೆಟ್ಟದ್ದು ಡಿಜಿಟಲ್ ಅರೆಸ್ಟ್. ಪೊಲೀಸ್ ಡ್ರೆಸ್ ಹಾಕಿಕೊಂಡು ವಿಡಿಯೋ ಕಾಲ್ ಮಾಡುತ್ತಾರೆ. ನಿಮ್ಮ ಆಧಾರ್ ಮೇಲೆ ಸಿಮ್ ತಗೊಂಡಿದ್ದಾರೆ, ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಫೋನ್ ಇಡಬೇಡಿ, ಮನೆಯವರಿಗೂ ಹೇಳಬೇಡಿ ಅಂತ ಗಂಟೆಗಟ್ಟಲೆ ಕೂರಿಸುತ್ತಾರೆ. 2025ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇಂಥ ಕರೆಗೆ ಸಿಕ್ಕು ಲಕ್ಷಗಟ್ಟಲೆ ಕಳೆದುಕೊಂಡ ವೃದ್ಧ ದಂಪತಿ ಜೀವ ಬಿಟ್ಟರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ರೊಕ್ಕಕ್ಕಿಂತ ಮರ್ಯಾದೆ ಹೋಯಿತು ಅನ್ನುವ ಸಂಕಟ ಹಿರಿಯರಿಗೆ ಜಾಸ್ತಿ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ ಅಂತ ಪ್ರಧಾನಿಯವರೇ 2024ರ ಅಕ್ಟೋಬರ್‌ನ ಮನ್ ಕಿ ಬಾತ್‌ನಲ್ಲಿ ಹೇಳಿದ್ದಾರೆ. ಅಪ್ಪ-ಅವ್ವ ಇಬ್ಬರನ್ನೂ ಕೂರಿಸಿಕೊಂಡು ಹೀಗೆ ಹೇಳಿ: "ಯಾರಿಗೂ ಹೇಳಬೇಡ ಅಂದವನು ಕಳ್ಳ. ಮೊದಲು ನನಗೇ ಹೇಳಿ. ರೊಕ್ಕ ಹೋದರೂ ನಾನು ಬೈಯುವುದಿಲ್ಲ." ಈ ಕೊನೆಯ ಮಾತನ್ನು ಬಿಡಬೇಡಿ. ಮಕ್ಕಳು ಬೈಯುತ್ತಾರೆ ಅಂತಲೇ ಎಷ್ಟೋ ಜನ ಮುಚ್ಚಿಡುತ್ತಾರೆ.

ಬೀಳಗಿ ತಾಲೂಕು, ಆರೋಗ್ಯ ಕೇಂದ್ರದಲ್ಲಿ ಕೆಲಸ

ಶುಗರ್ ವಿಷಯ ನಾನು ಹೇಳುತ್ತೇನೆ ಅಣ್ಣಾ. ನಿಮ್ಮ ಹಳ್ಳಿಯ ಹತ್ತಿರ ಉಪಕೇಂದ್ರ ಇದ್ದೇ ಇರುತ್ತದೆ. ಈಗ ಅದಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಇರುತ್ತದೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ನೋಡಿ, ಸರ್ಕಾರದ ಇ-ಸಂಜೀವಿನಿಯಲ್ಲಿ ವಿಡಿಯೋ ಮೂಲಕ ಡಾಕ್ಟರ ಜೊತೆ ಮಾತಾಡಿಸುತ್ತಾರೆ. ದುಡ್ಡಿಲ್ಲ. ಮನೆಯಿಂದ ಒಬ್ಬರೇ ಫೋನಿನಲ್ಲಿ ಮಾತಾಡುವುದಕ್ಕಿಂತ ಹಿರಿಯರಿಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪಕ್ಕದಲ್ಲಿ ಒಬ್ಬರು ಇರುತ್ತಾರೆ, ಡಾಕ್ಟರ್ ಕೇಳಿದ್ದು ಅರ್ಥ ಆಗದಿದ್ದರೆ ನಮ್ಮ ಮಾತಲ್ಲೇ ತಿಳಿಸಿ ಹೇಳುತ್ತಾರೆ.

ಕಾಲಿನ ಗಾಯ, ಎದೆನೋವು, ತಲೆ ಸುತ್ತಿ ಬೀಳುವುದು, ಇಂಥದ್ದಕ್ಕೆಲ್ಲ ವಿಡಿಯೋ ನಂಬಿ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಅದರಲ್ಲೂ ಕಾಲು. ದಿನವಿಡೀ ಅಂಗಡಿಯಲ್ಲಿ ಕೂತು ಎದ್ದು ಮಾಡುವವರಿಗೆ ಹಿಮ್ಮಡಿ ಬಿರಿದದ್ದೇ ಗೊತ್ತಾಗಿರುವುದಿಲ್ಲ, ಶುಗರ್‌ನಿಂದ ಉರಿ, ನೋವಿನ ಅರಿವು ಕಡಿಮೆಯಾಗಿರುತ್ತದೆ. ಫೋನ್ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ವಾರಕ್ಕೊಮ್ಮೆ ಅವ್ವ ಪಾದದ ಅಡಿಯ ಫೋಟೋ ತೆಗೆದು ನಿಮಗೆ ಕಳಿಸಲಿ. ಹಳೆಯ ಫೋಟೋ ಪಕ್ಕ ಇಟ್ಟು ನೋಡಿದರೆ ಬಣ್ಣ ಬದಲಾದದ್ದು, ಬಿರುಕು ದೊಡ್ಡದಾದದ್ದು ಕಣ್ಣಿಗೆ ಬೀಳುತ್ತದೆ.

ಆಭಾ ಕಾರ್ಡ್ ಮಾಡಿಸಿ, ಅದು ಸರ್ಕಾರ ಕೊಡುವ 14 ಅಂಕಿಯ ಆರೋಗ್ಯ ನಂಬರ್. ಎಷ್ಟೋ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಾನೇ ಹೋಗಿ ಚೀಟಿ ಬೇಗ ಸಿಗುತ್ತದೆ. ಹಾಗಂತ ಹಳೆಯ ಚೀಟಿಗಳ ಫೈಲ್ ಬಿಡಬೇಡಿ.

ದಯವಿಟ್ಟು ಸೂಜಿ ಚುಚ್ಚದೆ ಶುಗರ್ ತೋರಿಸುತ್ತದೆ ಅನ್ನುವ ವಾಚ್ ಕೊಡಿಸಬೇಡಿ. ಅಂಥ ಯಾವ ವಾಚಿಗೂ ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ತಪ್ಪು ಅಂಕಿ ನಂಬಿ ಇನ್ಸುಲಿನ್ ಜಾಸ್ತಿ ತಗೊಂಡರೆ ಜೀವಕ್ಕೇ ಅಪಾಯ. ಬೆರಳಿಗೆ ಚುಚ್ಚುವ ಗ್ಲೂಕೋಮೀಟರ್ ಸಾಕು. ಬಂದ ಅಂಕಿಯ ಫೋಟೋ ಮನೆಯ ಗುಂಪಿಗೆ ಹಾಕಲಿ, ಊಟಕ್ಕೆ ಮೊದಲಾ ಆಮೇಲಾ ಅಂತಲೂ ಹೇಳಲಿ. ವಾಟ್ಸಾಪ್‌ನಲ್ಲಿ ಬರುವ "ಈ ಕಷಾಯ ಕುಡಿದರೆ ಮಾತ್ರೆ ಬೇಡ" ಅನ್ನುವ ವಿಡಿಯೋ ನೋಡಿ ಮಾತ್ರೆ ಬಿಟ್ಟು ಬರುವವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ.

ಇಳಕಲ್, ನೇಕಾರರ ಮನೆ

ಆಪ್‌ನ ಭಾಷೆ ಕನ್ನಡಕ್ಕೆ ಬದಲಿಸಿ, ಅಕ್ಷರ ದೊಡ್ಡದು ಮಾಡಿ. ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿದರೆ ಕನ್ನಡ ತಾನೇ ಟೈಪ್ ಆಗುತ್ತದೆ, ನಮ್ಮ ಮಾವನವರು ಸೀರೆಯ ಆರ್ಡರ್‌ಗೆಲ್ಲ ಹಾಗೇ ಉತ್ತರ ಕೊಡುತ್ತಾರೆ. ಉದ್ರಿ ಲೆಕ್ಕವನ್ನು ಮಾತ್ರ ಫೋನಿಗೆ ತರಬೇಡಿ. ಹಳ್ಳಿಯಲ್ಲಿ ಉದ್ರಿ ಅಂದರೆ ನಂಬಿಕೆ. ಬಾಕಿ ಇದೆ ಅಂತ ತಾನೇ ಮೆಸೇಜ್ ಹೋದರೆ ಜನ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಆ ವಹಿ ಅಪ್ಪನ ಕೈಯಲ್ಲೇ ಇರಲಿ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಬೇರೆ ಖಾತೆ, ಸೌಂಡ್ ಬಾಕ್ಸ್, ಗ್ಲೂಕೋಮೀಟರ್ ಪಕ್ಕಾ. ಫೋನ್ ಅಪ್ಪನದ್ದೇ, ಪಿನ್ ಕೂಡ ಅವರಿಗೆ ಮಾತ್ರ ಗೊತ್ತಿರಲಿ ಅಂತ ತೀರ್ಮಾನಿಸಿದೆ. ಒಂದೇ ಪ್ರಶ್ನೆ ಉಳಿದಿದೆ. ರಾತ್ರಿ ಹೊತ್ತು ರೊಕ್ಕ ಹೋದರೆ ಮೊದಲು ಎಲ್ಲಿಗೆ ಫೋನ್ ಮಾಡಬೇಕು?

ಗೋಕಾಕ, ಬ್ಯಾಂಕಿನಿಂದ ನಿವೃತ್ತಿ

1930. ಸೈಬರ್ ಮೋಸದ ಸಹಾಯವಾಣಿ ಅದು, ರಾತ್ರಿಯೂ ಎತ್ತುತ್ತಾರೆ. ಬೆಳಗಾಗಲಿ ಅಂತ ಕಾಯಬೇಡಿ, ಎಷ್ಟು ಬೇಗ ಹೇಳಿದರೆ ಅಷ್ಟು, ರೊಕ್ಕ ಮುಂದಿನ ಖಾತೆಗೆ ಹಾರುವ ಮೊದಲು ತಡೆಯಬಹುದು. ಹೋದ ಮೊತ್ತ, ಸಮಯ, ಆಪ್‌ನಲ್ಲಿ ಕಾಣುವ 12 ಅಂಕಿಯ ಯುಟಿಆರ್ (ಆ ವ್ಯವಹಾರದ ನಂಬರ್) ಕೈಯಲ್ಲಿ ಇಟ್ಟುಕೊಂಡು ಮಾತಾಡಿ. ಆಮೇಲೆ ಬ್ಯಾಂಕಿಗೆ ಹೇಳಿ. ಬೆಳಗ್ಗೆ ಬಾಗಲಕೋಟೆಯ ಸಿಇಎನ್ (ಸೈಬರ್ ಅಪರಾಧದ) ಠಾಣೆಗೆ ಹೋಗಿ, ಹತ್ತಿರದ ಠಾಣೆಯಾದರೂ ನಡೆಯುತ್ತದೆ. 1930ರಲ್ಲಿ ಕೊಟ್ಟ ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಠಾಣೆಯಲ್ಲಿ ಕೇಳುತ್ತಾರೆ.