ಲಂಡನ್ ಫ್ಲೈಟ್ ಐದೂವರೆ ಗಂಟೆನೂ ಅಲ್ಲ, ಒಂಬತ್ತೂವರೆನೂ ಅಲ್ಲ

ಅತ್ತೆ, ನೀವು ಕೇಳಿದ್ದು ನೋಡ್ದೆ. ನೆಟ್‌ನಲ್ಲಿ ಬೆಂಗಳೂರು–ಲಂಡನ್ ಒಂಬತ್ತೂವರೆ ಗಂಟೆ ಅಂತಿದೆ, ಡಿಸೆಂಬರ್ ಟಿಕೆಟ್‌ನಲ್ಲಿ ಬೆಳಗ್ಗೆ 7:30ಕ್ಕೆ ಹೊರಟು ಮಧ್ಯಾಹ್ನ 1:00ಕ್ಕೆ ಇಳಿಯೋದು ಅಂತಿದೆ, ಯಾವುದು ಸರಿ ಅಂತ. ಟಿಕೆಟ್ಟೇ ಸರಿ, ಆದ್ರೆ ಅದು ಐದೂವರೆ ಗಂಟೆ ಅಲ್ಲ. ಹೊರಡೋ ಸಮಯ ನಮ್ಮದು, ಇಳಿಯೋ ಸಮಯ ಅಲ್ಲಿಯದು. ಚಳಿಗಾಲದಲ್ಲಿ ಅವರು ನಮಗಿಂತ ಐದೂವರೆ ಗಂಟೆ ಹಿಂದೆ. ಅದನ್ನೂ ಕೂಡಿಸಿ, ಹನ್ನೊಂದು ಗಂಟೆ ಆಯ್ತು.

ಏಪ್ರಿಲ್‌ನಲ್ಲಿ ವಾಪಸ್ ಬರೋವಾಗ ಇದೇ ಲೆಕ್ಕ ಹಾಕ್ಬೇಡಿ. ಮಾರ್ಚ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ, ಅಕ್ಟೋಬರ್ ಕೊನೇ ಭಾನುವಾರದ ತನಕ ವ್ಯತ್ಯಾಸ ನಾಲ್ಕೂವರೆ ಗಂಟೆನೇ. ಮಧ್ಯಾಹ್ನ 2:00ಕ್ಕೆ ಹೊರಟು ಮಾರನೇ ದಿನ ಬೆಳಗಿನ ಜಾವ 4:30ಕ್ಕೆ ಇಲ್ಲಿ ಇಳಿದ್ರೆ ಹದಿನಾಲ್ಕೂವರೆ ಅಲ್ಲ, ಬರೀ ಹತ್ತು ಗಂಟೆ.

ಹೋಗೋಕೆ ಹನ್ನೊಂದು, ಬರೋಕೆ ಹತ್ತು ಯಾಕೆ ಅಂದ್ರೆ ಗಾಳಿ. ಮೂವತ್ತು ನಲವತ್ತು ಸಾವಿರ ಅಡಿ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅಂತ ಜೋರು ಗಾಳಿ ಬೀಸುತ್ತೆ, ಚಳಿಗಾಲದಲ್ಲಂತೂ ಗಂಟೆಗೆ 150 ಕಿ.ಮೀ. ದಾಟೋದು ಮಾಮೂಲಿ. ಹೋಗೋವಾಗ ಎದುರು, ಬರೋವಾಗ ಬೆನ್ನಿಗೆ.

ನೆಟ್‌ನವರು ಗಾಳಿ ಲೆಕ್ಕಕ್ಕೇ ತಗೊಳ್ಳಲ್ಲ. ಭೂಮಿ ಮೇಲಿನ ಅತಿ ಹತ್ತಿರದ ದಾರಿ, ಸುಮಾರು 8,045 ಕಿ.ಮೀ., ಅದನ್ನ ಗಂಟೆಗೆ 900ರಿಂದ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿಬಿಡ್ತಾರೆ. ಒಂದು ಕಡೆ 5,000 ಮೈಲಿ, ಇನ್ನೊಂದು ಕಡೆ 4,345 ಅಂತ ತೋರಿಸ್ತಿದೆ ಅಂದ್ರಲ್ಲ, ಎರಡೂ ಅದೇ ದೂರ. ಎರಡನೇದು ಹಡಗು, ವಿಮಾನದವರು ಬಳಸೋ ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ.

ಆ ದಾರೀಲಿ ವಿಮಾನ ಹೋಗೋದೂ ಇಲ್ಲ ಬಿಡಿ. ಆ ಗೆರೆ ಪಾಕಿಸ್ತಾನ, ಇರಾನ್ ಮೇಲಿಂದ ಹೋಗಿ ಯುಕ್ರೇನ್ ದಕ್ಷಿಣದ ಅಂಚು ಮುಟ್ಟುತ್ತೆ. ಯುಕ್ರೇನ್ ಆಕಾಶ 2022ರ ಫೆಬ್ರವರಿಯಿಂದ ಪ್ರಯಾಣಿಕರ ವಿಮಾನಗಳಿಗೆ ಬಂದ್. ಪಾಕಿಸ್ತಾನ 2025ರ ಏಪ್ರಿಲ್‌ನಲ್ಲಿ ನಮ್ಮ ಕಂಪನಿಗಳ ವಿಮಾನಕ್ಕೆ ದಾರಿ ಮುಚ್ಚಿತು. ಸುತ್ತಿ ಹೋಗಲೇಬೇಕು. ಜೊತೆಗೆ ಟಿಕೆಟ್ ಸಮಯ ಅಂದ್ರೆ ಗೇಟ್ ಬಿಟ್ಟಾಗಿಂದ ಅಲ್ಲಿ ಗೇಟ್‌ಗೆ ನಿಲ್ಲೋ ತನಕ. ರನ್‌ವೇಗೆ ಸಾಲಲ್ಲಿ ನಿಲ್ಲೋದು, ಲಂಡನ್‌ನ ಹೀಥ್ರೋ ಏರ್‌ಪೋರ್ಟ್ ಮೇಲೆ ಸರದಿಗೆ ಸುತ್ತು ಹೊಡೆಯೋದು ಎಲ್ಲಾ ಅದರಲ್ಲೇ ಸೇರಿರುತ್ತೆ. ಅದಕ್ಕೇ ಎಷ್ಟೋ ಸಲ ಹೇಳಿದ್ದಕ್ಕಿಂತ ಇಪ್ಪತ್ತು ನಿಮಿಷ ಮುಂಚೆನೇ ಇಳಿಸ್ತಾರೆ.

ಈಗ ಮೈಸೂರಿಂದ ಲೆಕ್ಕ. ದೇವನಹಳ್ಳಿಗೆ ಹೆಚ್ಚುಕಡಿಮೆ 185 ಕಿ.ಮೀ. ಎಕ್ಸ್‌ಪ್ರೆಸ್‌ವೇ ಕೆಂಗೇರಿ ತನಕ ಬೇಗ ತಲುಪಿಸುತ್ತೆ, ಆಮೇಲೆ ಊರು ದಾಟೋದೇ ಕಷ್ಟ. ರಾತ್ರಿ ಕಾರಲ್ಲಾದ್ರೆ ಮೂರೂವರೆ ಗಂಟೆ, ಹಗಲಲ್ಲಿ ಐದು ಇಟ್ಕೊಳ್ಳಿ. 7:30ರ ಫ್ಲೈಟ್‌ಗೆ 4:30ಕ್ಕೆ ಅಲ್ಲಿರಬೇಕು, ಅಂದ್ರೆ ರಾತ್ರಿ 12:30ಕ್ಕೆ ಮನೆ ಬಿಡಿ. ಏರ್‌ಪೋರ್ಟ್‌ಗೆ ಹೋಗೋ ಕೆಎಸ್‌ಆರ್‌ಟಿಸಿ ಫ್ಲೈಬಸ್ ಆದ್ರೆ ಇನ್ನೂ ಮುಂಚಿನದು ಹಿಡೀರಿ. ಡ್ರೈವರ್‌ಗೆ ಟರ್ಮಿನಲ್ 2 ಅಂತಲೇ ಹೇಳಿ, ವಿದೇಶದ ಫ್ಲೈಟೆಲ್ಲ 2023ರ ಸೆಪ್ಟೆಂಬರ್‌ನಿಂದ ಅಲ್ಲಿಂದಲೇ.

ಇನ್ನೊಂದು, ನಿಮ್ಮ ಬಿಪಿ ಮಾತ್ರೆ. ಅಲ್ಲಿ ಇಳಿದಾಗ ಗಡಿಯಾರ ಮಧ್ಯಾಹ್ನ ಒಂದು ಅಂದ್ರೂ ಇಲ್ಲಿ ಸಂಜೆ ಆರೂವರೆ. ಮಾತ್ರೆ ಗಂಟೆ ಎಣಿಸಿ ತಗೊಳ್ಳೋದು, ಹಾಗಾಗಿ ಡಾಕ್ಟರ್ ಹತ್ರ ಮುಂಚೆನೇ ಕೇಳಿ ಬರೆಸ್ಕೊಳ್ಳಿ, ಚೀಟಿ ಸಮೇತ ಕೈಚೀಲದಲ್ಲೇ ಇಡಿ, ಸೂಟ್‌ಕೇಸ್‌ಗೆ ಹಾಕ್ಬೇಡಿ.