ಕೆಟ್ಟ ಡ್ರಿಲ್: ರಿಪೇರಿ ಮಾಡಿಸಲೋ, ಹೊಸದು ತರಲೋ?

ಕೊಪ್ಪಳ ಟೀಚರ್
ಮನೆಯ 13 ಎಂಎಂ ಹ್ಯಾಮರ್ ಡ್ರಿಲ್ ಕೈಕೊಟ್ಟಿದೆ. ಬಟನ್ ಒತ್ತಿದರೆ ಒಮ್ಮೆ ತಿರುಗುತ್ತದೆ, ಒಮ್ಮೆ ಸುಮ್ಮನಿರುತ್ತದೆ. ಹಿಂದಿನ ಕಿಂಡಿಯಲ್ಲಿ ಕಿಡಿ ಜಾಸ್ತಿ. ವಾರಂಟಿ ಮುಗಿದಿದೆ. ಅಂಗಡಿಯವರು ಬಿಚ್ಚಿಯೂ ನೋಡದೆ 1,400 ಆಗುತ್ತೆ ಅಂದರು. ಹೊಸದು 3,200. ರಿಪೇರಿ ಮಾಡಿಸಿದವರು ನಿಮ್ಮ ಅನುಭವ ಹೇಳಿ.

ಗಂಗಾವತಿ ಗಿರಣಿ ಫಿಟ್ಟರ್
ರಿಪೇರಿನೇ ಮಾಡಿಸಿ. ನನ್ನ ಡ್ರಿಲ್ ಅಕ್ಕಿ ಗಿರಣಿಯಲ್ಲಿ ದುಡಿಯುವಂಥದ್ದು. ತೌಡಿನ ಧೂಳು ಒಳಗೆ ಹೋಗಿ ಗ್ರೀಸಿಗೆ ಸೇರಿದರೆ ರೊಟ್ಟಿ ಹಿಟ್ಟು ನಾದಿದ ಹಾಗೆ ಆಗಿರುತ್ತದೆ. ಆದರೂ ಇಲ್ಲಿಯವರೆಗೆ ಹಾಕಿದ ಖರ್ಚು ನೋಡಿ: ಕಾರ್ಬನ್ (ಮೋಟರಿಗೆ ಕರೆಂಟ್ ಮುಟ್ಟಿಸುವ ಚಿಕ್ಕ ತುಂಡುಗಳು) ಜೋಡಿ 70, ಸ್ವಿಚ್ 240, ವೈರ್ 110, ಹಿಂದಿನ ಬೇರಿಂಗ್ 60. ಒಟ್ಟು 480. ಬಿಚ್ಚೋದು ನಾನೇ, ಹಾಗಾಗಿ ಕೂಲಿ ಇಲ್ಲ. ಅದರಲ್ಲೂ ಆ 240 ದಂಡ. ಸ್ವಿಚ್ಚೇ ಹೋಗಿದೆ ಅಂತ ಅಂಗಡಿಯವನು ಕಟ್ಟಿಬಿಟ್ಟ. ಹೋಗಿದ್ದು ವೈರ್. ಹಿಡಿಕೆಯ ಬುಡದ ರಬ್ಬರ್ ಒಳಗೆ ತುಂಡಾಗಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. ಮೀಟರ್ ಹಚ್ಚಿ ವೈರ್ ಅಲುಗಿಸಿದಾಗ ಸಿಕ್ಕಿತು.

ಬಳ್ಳಾರಿ ಬಡಗಿ
480 ಅಂತೆ! ನನ್ನದು ಕೇಳಿ. ಆರ್ಮೇಚರ್ (ಮೋಟರಿನ ತಿರುಗುವ ಭಾಗ) ವೈಂಡಿಂಗ್, ಅಂದರೆ ಹೊಸ ತಂತಿ ಸುತ್ತೋದು 650, ಅದರ ಸುತ್ತ ಕೂರುವ ಫೀಲ್ಡ್ ಕಾಯಿಲ್ 400, ಕೂಲಿ 250. ಬಿಟ್ ಹಿಡಿಯುವ ಚಕ್ ಒಳಗಿನ ಸ್ಕ್ರೂ ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಆ ಪುಣ್ಯಾತ್ಮ ಮೆಕ್ಯಾನಿಕ್ ಎಡಕ್ಕೆ ತಿರುವಿ ತಿರುವಿ ಸ್ಕ್ರೂ ತಲೆಯನ್ನೇ ಹಾರಿಸಿದ. ಹೊಸ ಚಕ್ 350. ಅದೂ ನನ್ನ ತಲೆಗೇ. ದೀಪಾವಳಿ ಆದ ಮೇಲೆ ಸ್ವಿಚ್ 220. 1,870 ಸುರಿದ ಮೇಲೆ ವೈಂಡಿಂಗ್ ಮತ್ತೆ ಸುಟ್ಟಿತು! ಸುತ್ತಿದ ತಂತಿಗೆ ಹಾಕುವ ವಾರ್ನಿಷ್ ಹಸಿ ಇದ್ದಾಗಲೇ ಜೋಡಿಸಿ ಕೊಟ್ಟಿದ್ದ. ಕೈಯಲ್ಲಿದ್ದ ಒಂದು ಬಾಗಿಲ ಕೆಲಸವೂ ಹೋಯಿತು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಈ ವೈಂಡಿಂಗ್‌ನವರೆಲ್ಲ ಹೀಗೇ. ಹೊಸದು ತಗೊಳ್ಳಿ.

ರಾಯಚೂರು ವೈಂಡಿಂಗ್
‘ಎಲ್ಲರೂ ಹೀಗೇ’ ಅನ್ನಬೇಡಿ. ಡ್ರಿಲ್ಲಿನ ಆರ್ಮೇಚರ್ ಕೈಯಲ್ಲಿ ಸುತ್ತೋದು ಅಂದರೆ ಏನು ಗೊತ್ತಾ? ತಂತಿ ಕೂರುವ ಸ್ಲಾಟಿಗೆ ಕಾಗದ ಹಾಕಬೇಕು. ಒಂದೊಂದು ಸುತ್ತೂ ಎಣಿಸಬೇಕು. ತುದಿಗಳನ್ನು ಕಮ್ಯುಟೇಟರಿಗೆ (ಕಾರ್ಬನ್ ಉಜ್ಜುವ ತಾಮ್ರದ ಭಾಗ) ಕೂರಿಸಬೇಕು. ಒಂದು ತಪ್ಪಿದರೆ ಎಲ್ಲ ಬಿಚ್ಚಬೇಕು. 650ಕ್ಕೆ ನಾನಾದರೆ ಮುಟ್ಟುತ್ತಲೇ ಇರಲಿಲ್ಲ. ಚೌಕಾಸಿ ಮಾಡಿ ಅಗ್ಗದವನ ಹತ್ತಿರ ಹೋಗೋದು, ಆಮೇಲೆ ಎಲ್ಲರನ್ನೂ ಬೈಯೋದು. ಇನ್ನು ವಾರ್ನಿಷ್ ಒಣಗಿಸಲು ನಮಗೆ ರಾಯಚೂರು ಬಿಸಿಲೇ ಸಾಕು. ಮೇ ತಿಂಗಳಲ್ಲಿ ಬಂದು ನೋಡಿ.

ಬಳ್ಳಾರಿ ಬಡಗಿ
ಸಿಕ್ಕಿತಲ್ಲ ಕಾರಣ! ಬಿಸಿಲು ಎಷ್ಟೇ ಅಂದರೂ 44, 45 ಡಿಗ್ರಿ. ಬೇಯಿಸುವ ವಾರ್ನಿಷ್‌ಗೆ 100 ದಾಟಬೇಕು. ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಅಂಟಂಟು. ಬಿಸಿಲಂತೆ. ನಮ್ಮಲ್ಲೇನು ಹಿಮ ಬೀಳುತ್ತಾ?

ರಾಯಚೂರು ವೈಂಡಿಂಗ್
ಗಾಳಿಗೆ ಒಣಗುವ ವಾರ್ನಿಷ್ ಬೇರೆ, ಓವನ್‌ಗೆ ಹಾಕುವುದು ಬೇರೆ. ಡಬ್ಬಿ ಮೇಲೆ ಬರೆದಿರುತ್ತೆ, ಓದಿ ಮಾತಾಡಿ.

ಗಂಗಾವತಿ ಗಿರಣಿ ಫಿಟ್ಟರ್
ಅಣ್ಣಂದಿರಾ, ಅಕ್ಕೋರ ಡ್ರಿಲ್ಲಿನ ಆರ್ಮೇಚರ್ ಹೋಗಿದೆ ಅಂತ ಯಾರು ಹೇಳಿದರು? ಕಮ್ಯುಟೇಟರ್ ಸುತ್ತಲೂ ಕಿಡಿ ಓಡಿ ಸುಟ್ಟ ವಾಸನೆ ಬಂದರೆ ಆ ಮಾತು. ಅಕ್ಕೋರೇ, ಮನೆಯವರಿಗೆ ಹೇಳಿ ಎರಡೂ ಕಾರ್ಬನ್ ತೆಗೆಸಿ ನೋಡಿ. 5–6 ಎಂಎಂಗಿಂತ ಮೋಟಾಗಿದ್ದರೆ ಜೋಡಿಯನ್ನೇ ಬದಲಿಸಬೇಕು. ಒಂದನ್ನೇ ಹಾಕಬೇಡಿ. ಹೊಸದು ಹಾಕಿದ ಮೇಲೆ ಸ್ವಲ್ಪ ಹೊತ್ತು ಖಾಲಿ ಓಡಿಸಿ. ನನ್ನದರಲ್ಲಿ ಅಳತೆಯ ಕಾರ್ಬನ್ ಸಿಗದೆ ದೊಡ್ಡದು ತಂದು ಮರಳು ಕಾಗದಕ್ಕೆ ಉಜ್ಜಿ ಕೂರಿಸಿದ್ದೇನೆ. ಇವತ್ತಿಗೂ ಓಡುತ್ತಿದೆ.

ಕೊಪ್ಪಳ ಟೀಚರ್
ಡ್ರಿಲ್ ಹಿಡಿಯೋದು ನಾನೇ. ನಮ್ಮ ಮನೆಯವರು ಏಣಿ ಹಿಡಿಯುತ್ತಾರೆ. ತೆಗೆದು ನೋಡಿದೆ. ಒಂದು 4 ಎಂಎಂ ಉಳಿದಿದೆ, ಇನ್ನೊಂದರ ಸ್ಪ್ರಿಂಗ್ ಕಪ್ಪಾಗಿದೆ. ಹಾಗಾದರೆ 70 ರೂಪಾಯಿಗೆ ಮುಗಿಯುತ್ತಾ?

ಸಿಂಧನೂರು
ಕಾರ್ಬನ್ ಬಿಡ್ರಿ. ಡ್ರಿಲ್ ಹಾಳಾಗೋದು ಕೇಳಿದವರಿಗೆ ಕೊಡೋದರಿಂದ. ನಮ್ಮ ಭಾವ ಗೃಹಪ್ರವೇಶಕ್ಕೆ ಅಂತ ಒಯ್ದರು. ಗ್ರಾನೈಟ್ ಮೆಟ್ಟಿಲಿಗೆ ಹ್ಯಾಮರ್ (ಬಡಿಯುತ್ತಾ ಕೊರೆಯುವುದು) ಹಾಕಿ ಕೊರೆದಿದ್ದಾರೆ! ವಾಪಸ್ ಬಂದಾಗ ಚಕ್ ಕೀ ಇಲ್ಲ, ಬಿಟ್ ತುದಿ ಸುಟ್ಟು ನೀಲಿ, ಗೇರ್ ಕರಕರ. ಕೀ 40, ಬಿಟ್ 90, ಗೇರ್ 180, ಕೂಲಿ 150. ಕೇಳಿದರೆ ‘ಮೊದಲೇ ಹಾಗಿತ್ತು’ ಅಂದರು. ಅಕ್ಕ ನನ್ನ ಮೇಲೇ ಸಿಟ್ಟಾದಳು.

ಬಳ್ಳಾರಿ ಬಡಗಿ
ಗ್ರಾನೈಟ್‌ಗೆ ಹ್ಯಾಮರ್ ಹಾಕಿದರೆ ಕಲ್ಲೇ ಸೀಳುತ್ತೆ. ಡೈಮಂಡ್ ಕೋರ್ ಬಿಟ್ ಹಾಕಿ, ಹ್ಯಾಮರ್ ಬಂದ್ ಮಾಡಿ, ನೀರು ಬಿಡುತ್ತಾ ಕೊರೆಯಬೇಕು.

ಸಿಂಧನೂರು
ಅದನ್ನು ನಮ್ಮ ಭಾವನಿಗೆ ಹೇಳಿ. ಬೇಕಾದರೆ ಫೋನ್ ಹಚ್ಚಿ ಕೊಡ್ತೀನಿ.

ರಾಯಚೂರು ವೈಂಡಿಂಗ್
ವಾರ್ನಿಷ್ ಆಯಿತು, ಈಗ ಕಲ್ಲಿನ ಕೆಲಸವೂ ಬಡಗಿಗಳೇ ಹೇಳಿಕೊಡಬೇಕು.