ಚಿಕ್ಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಹೊತ್ತಿಗೆ ಸಿಗುತ್ತಿದೆಯಾ ಅಂತ ಅಳೆಯುವುದು ಹೇಗೆ? ಮಾಡಿ ನೋಡಿದವರು ಹೇಳಿ

ಕೇಳಿದವರು, ಮೂಡಿಗೆರೆ ಕಡೆ

ನಮ್ಮದು 20 ಬೆಡ್‌ನ ಟ್ರಸ್ಟ್ ಆಸ್ಪತ್ರೆ. ರಾತ್ರಿ ಒಬ್ಬ ಡ್ಯೂಟಿ ಡಾಕ್ಟರ್, ಇಬ್ಬರು ಸಿಸ್ಟರ್, ಗೇಟಲ್ಲಿ ವಾಚ್‌ಮನ್, ಅಷ್ಟೇ. ಎದೆನೋವು, ಹಾವು ಕಡಿತ, ಮೆಣಸು ಕೊಯ್ಯಲು ಏಣಿ ಹತ್ತಿ ಬಿದ್ದವರು, ಇಂಥವೇ ಜಾಸ್ತಿ. ಚಿಕಿತ್ಸೆ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯಾ, ಲೆಕ್ಕದಲ್ಲಿ ತೋರಿಸಿ ಅಂತ ಟ್ರಸ್ಟಿನವರು ಕೇಳಿದ್ದಾರೆ. ದೊಡ್ಡ ಆಸ್ಪತ್ರೆಯ ಫಾರಂ ಒಂದನ್ನು ತರಿಸಿ ನೋಡಿದೆ, ಅರ್ಧ ಕಾಲಂ ನಮ್ಮಲ್ಲಿ ಇಲ್ಲದ ವಿಭಾಗಗಳದ್ದು. ಕಂಪ್ಯೂಟರ್ ಇರುವುದು ಬಿಲ್ಲಿಗೆ ಮಾತ್ರ. ಏನನ್ನು ಅಳೆಯಬೇಕು, ಯಾರು ಬರೆಯಬೇಕು?

ನರ್ಸಿಂಗ್ ಇನ್‌ಚಾರ್ಜ್, ಸಕಲೇಶಪುರ ಕಡೆ

ಎದೆನೋವಿನಿಂದ ಶುರು ಮಾಡಿ. ಬಂದ 10 ನಿಮಿಷದೊಳಗೆ ಇಸಿಜಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಾದರೆ 30 ನಿಮಿಷದೊಳಗೆ. ಇವೆರಡೂ ಎಲ್ಲರೂ ಒಪ್ಪಿರುವ ಗಡುವು, ಹೊಸದಾಗಿ ಏನೂ ಹುಡುಕಬೇಕಿಲ್ಲ. ತಕರಾರು ಇರುವುದು ಲೆಕ್ಕ ಎಲ್ಲಿಂದ ಶುರು ಅನ್ನುವುದರಲ್ಲಿ. ಓಪಿ ಚೀಟಿ ಮೇಲಿನ ಟೈಮ್ ಹಿಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ರೋಗಿ ಬೆಂಚಿನ ಮೇಲೆ ಎದೆ ಹಿಡಿದುಕೊಂಡು ಕೂತಿರುತ್ತಾರೆ, ಮಗ ಕೌಂಟರಿನಲ್ಲಿ ಚೀಟಿಗೆ ನಿಂತಿರುತ್ತಾನೆ, ಆ ಹೊತ್ತು ಯಾವ ಲೆಕ್ಕಕ್ಕೂ ಬರುವುದಿಲ್ಲ. ಗೇಟು ದಾಟಿದ ಟೈಮೇ ಶುರು.

ಇನ್ನೊಂದು, ನಗಬೇಡಿ, ಗಡಿಯಾರ ನೋಡಿಕೊಳ್ಳಿ. ಇಸಿಜಿ ಮಷೀನ್ ಕಾಗದದ ಮೇಲೆ ತಾನೇ ಟೈಮ್ ಹೊಡೆಯುತ್ತದೆ, ಆದರೆ ಬಹಳ ಕಡೆ ಅದನ್ನು ಯಾರೂ ಸೆಟ್ ಮಾಡಿರುವುದಿಲ್ಲ. ಗೋಡೆಯದು ಐದು ನಿಮಿಷ ಮುಂದೆ, ಮಷೀನಿನದು ಏಳು ನಿಮಿಷ ಹಿಂದೆ ಇದ್ದರೆ ರೋಗಿ ಬರುವ ಮೊದಲೇ ಇಸಿಜಿ ಆಗಿಬಿಟ್ಟಿರುತ್ತದೆ! ಪ್ರತಿ ಸೋಮವಾರ ಎಲ್ಲವನ್ನೂ ಮೊಬೈಲ್ ಟೈಮಿಗೆ ಹೊಂದಿಸಿ.

ರಿಜಿಸ್ಟರ್ ಇಟ್ಟುಕೊಂಡು ಸಿಸ್ಟರ್‌ಗಳನ್ನು ಬೈಯುವುದು ಮಾತ್ರ ಬೇಡ. ಒಂದು ಸಲ ಬೈದರೆ ಸಾಕು, ಮುಂದಿನ ವಾರದಿಂದ ಎಲ್ಲ ಕೇಸಿನಲ್ಲೂ 9 ನಿಮಿಷ, 10 ನಿಮಿಷ ಅಂತಲೇ ಇರುತ್ತದೆ.

ಡಾಕ್ಟರ್, ಹಾಸನ

ಮೇಡಂ ಹೇಳಿದ್ದು ಸರಿ. ನಾನು ಸೇರಿಸುವುದು ಪರ್ಸೆಂಟೇಜ್ ಬಗ್ಗೆ. ತಿಂಗಳಿಗೆ ನಾಲ್ಕು ಹಾರ್ಟ್ ಕೇಸ್ ಬರುವ ಕಡೆ ಒಂದು ತಡವಾದರೆ 75, ಮುಂದಿನ ತಿಂಗಳು ಒಂದೂ ತಡವಾಗದಿದ್ದರೆ 100. ನಿಜವಾಗಿ ಏನೂ ಬದಲಾಗಿರುವುದಿಲ್ಲ, ಆದರೆ ಟ್ರಸ್ಟಿನವರು ಹಾರ ಹಾಕಲು ಬರುತ್ತಾರೆ. ಸರಾಸರಿಯೂ ಬೇಡ. 8, 9, 11, 12, 70 ನಿಮಿಷ ಇದ್ದರೆ ಸರಾಸರಿ 22. ಅಷ್ಟು ಹೊತ್ತು ಕಾದವರು ಒಬ್ಬರೂ ಇಲ್ಲ. ಸಾಲಾಗಿ ಬರೆದು ಮಧ್ಯದ್ದನ್ನು ತೆಗೆದುಕೊಳ್ಳಿ, ಅಂದರೆ 11. ಆ 70 ನಿಮಿಷದ ಕೇಸ್ ಶೀಟ್ ತೆಗೆದು ಎಲ್ಲರೂ ಕೂತು ಓದಿ. ಡಾಕ್ಟರ್ ಲೇಬರ್ ರೂಮಿನಲ್ಲಿದ್ದರಾ, ಇಸಿಜಿ ಪೇಪರ್ ರೋಲ್ ಮುಗಿದಿತ್ತಾ, ಕರೆಂಟ್ ಇರಲಿಲ್ಲವಾ? ಚಿಕ್ಕ ಆಸ್ಪತ್ರೆಯ ಲಾಭವೇ ಅದು, ಒಂದೊಂದು ಕೇಸನ್ನೂ ಓದಬಹುದು.

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಎದ್ದಾಗ ಎದೆ ಚುಳ್ ಅಂದವರೆಲ್ಲ ಇಸಿಜಿಗೆ ಬಂದು ನಿಂತರು. ಅಂಥ ತಿಂಗಳನ್ನು ಬೇರೆ ತಿಂಗಳ ಜೊತೆ ಹೋಲಿಸಬೇಡಿ.

ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಹಬ್ ಅನ್ನುವ ದೊಡ್ಡ ಆಸ್ಪತ್ರೆಯಲ್ಲಿ ಕೂತ ತಜ್ಞರು ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮಲ್ಲಿ ಆ ಇಂಜೆಕ್ಷನ್ ಇಲ್ಲದಿದ್ದರೆ 30 ನಿಮಿಷದ ಕಾಲಂ ಸುಮ್ನೆ ದಂಡ. ಗೇಟ್ ಒಳಗೆ ಬಂದಲ್ಲಿಂದ ಆಂಬುಲೆನ್ಸ್ ಗೇಟ್ ದಾಟುವವರೆಗೆ ಎಷ್ಟು ಹೊತ್ತು ಅಂತ ಬರೆಯಿರಿ. ಅದಕ್ಕೂ ಗುರಿ 30 ನಿಮಿಷವೇ, ನಮ್ಮ ಕಡೆ ಮುಟ್ಟುವುದು ಕಷ್ಟ. 108ಕ್ಕೆ ಫೋನ್ ಮಾಡಿದ ಟೈಮ್, ಅದು ಬಂದ ಟೈಮ್ ಎರಡನ್ನೂ ಬೇರೆ ಬೇರೆ ಬರೆದರೆ ತಡ ನಿಮ್ಮದಾ ಗಾಡಿಯದಾ ಅಂತ ಗೊತ್ತಾಗುತ್ತದೆ.

ಮೆಡಿಕಲ್ ಆಫೀಸರ್, ಕೊಪ್ಪ ಕಡೆ

ಹಾವಿನ ಕೇಸಿಗೆ ‘ಎಎಸ್‌ವಿ ಕೊಟ್ಟಿದ್ದು ಎಷ್ಟು ಪರ್ಸೆಂಟ್’ ಅಂತ ದಯವಿಟ್ಟು ಅಳೆಯಬೇಡಿ (ಎಎಸ್‌ವಿ ಅಂದರೆ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್). ಅಲ್ಲಿ ಜಾಸ್ತಿ ಕೊಟ್ಟವರೇ ಜಾಣರು ಅನ್ನಿಸಿಬಿಡುತ್ತದೆ. ನಮ್ಮ ಎಎಸ್‌ವಿ ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಫಿ ತೋಟದ ಪಿಟ್ ವೈಪರ್ ಕಡಿತಕ್ಕೆ ಅದು ಕೆಲಸ ಮಾಡುವುದಿಲ್ಲ.

ನೀವು ನೋಡಬೇಕಾದ್ದು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಟೆಸ್ಟ್ ಬಂದ ಕೂಡಲೇ ಆಯಿತಾ, ಮತ್ತೆ ಮತ್ತೆ ಮಾಡಿದರಾ, ವಿಷ ಏರಿದ ಲಕ್ಷಣ ಕಂಡ ಮೇಲೆ ಮೊದಲ ವಯಲ್ ಹತ್ತುವುದಕ್ಕೆ ಎಷ್ಟು ಹೊತ್ತಾಯಿತು, ಇಷ್ಟು. ಟ್ಯೂಬ್ ಹೊಸ ಗಾಜಿನದೇ ಇರಬೇಕು, ಒಣಗಿರಬೇಕು. ಸೋಪಿನಪುಡಿ ಹಾಕಿ ತೊಳೆದ ಟ್ಯೂಬಿನಲ್ಲಿ, ಪ್ಲಾಸ್ಟಿಕ್‌ನಲ್ಲಿ ಒಳ್ಳೆ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಆಮೇಲೆ ಬೇಡದವರಿಗೂ ಎಎಸ್‌ವಿ ಹೋಗುತ್ತದೆ, ನಿಮ್ಮ ಲೆಕ್ಕವೂ ಹಾಳು.

ಕಡಿದ ಹೊತ್ತು, ಬಂದ ಹೊತ್ತು ಎರಡು ಕಾಲಂ ಇಡಿ. ಮೊದಲು ನಾಟಿ ಔಷಧಿಗೆ ಹೋಗಿ ಬಂದವರ ತಡವನ್ನು ಆಸ್ಪತ್ರೆ ತಲೆಗೆ ಕಟ್ಟಬಾರದು ಅಲ್ವಾ. 2024ರಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು, ಹೇಗೂ ಬರೆಯುತ್ತೀರಿ, ಅದರ ಜೊತೆಗೇ ಇವೂ ಇರಲಿ.

ಆಸ್ಪತ್ರೆ ಆಡಳಿತದವರು, ಚಿಕ್ಕಮಗಳೂರು

ಅಮೆರಿಕದಲ್ಲಿ 25 ಬೆಡ್ ಮೀರದ ಹಳ್ಳಿ ಆಸ್ಪತ್ರೆಗಳದ್ದೇ ಒಂದು ವರ್ಗ ಇದೆ, ಕ್ರಿಟಿಕಲ್ ಆಕ್ಸೆಸ್ ಹಾಸ್ಪಿಟಲ್ ಅಂತ. ಅವರ ಅಳತೆಗಳಲ್ಲಿ ನನಗೆ ಹಿಡಿಸಿದ್ದು ರೆಫರಲ್‌ನದು. ರೋಗಿಯ ಜೊತೆ 8 ವಿಷಯ ಹೋಯಿತಾ ಅಂತ ನೋಡುತ್ತಾರೆ: ಮನೆಯಲ್ಲಿ ತಗೊಳ್ಳುವ ಮಾತ್ರೆ, ಅಲರ್ಜಿ, ಇಲ್ಲಿ ಕೊಟ್ಟ ಔಷಧಿ, ಡಾಕ್ಟರ್ ನೋಟ್, ಪ್ರಜ್ಞೆ ಹೇಗಿತ್ತು, ಯಾಕೆ ಕಳಿಸುತ್ತಿದ್ದೇವೆ, ಮಾಡಿದ ಟೆಸ್ಟ್, ಅದರ ರಿಪೋರ್ಟ್. ನಮ್ಮ ಕಡೆ ‘ಹೈಯರ್ ಸೆಂಟರ್‌ಗೆ ರೆಫರ್ಡ್’ ಅಂತ ಒಂದು ಸಾಲು ಗೀಚಿ ಚಾರ್ಮಾಡಿ ಘಾಟಿ ಇಳಿಸಿಬಿಡುತ್ತಾರೆ. ಇದನ್ನು ಸರಿಮಾಡಲು ದುಡ್ಡು ಬೇಡ, ಅಚ್ಚು ಹಾಕಿಸಿದ ಒಂದು ಹಾಳೆ ಸಾಕು.

ಡಾಕ್ಟರನ್ನು ನೋಡದೆ ವಾಪಸ್ ಹೋದವರನ್ನೂ ಎಣಿಸಿ, ಗಂಟೆವಾರು. ಸಂಜೆ ಕೊನೇ ಬಸ್ಸಿನ ಹೊತ್ತಿಗೆ ಜನ ಎದ್ದು ಹೋಗುವುದು ಜಾಸ್ತಿ ಇದ್ದರೆ ಬಸ್ ಊರಿನವರನ್ನು ಮೊದಲು ಕರೆಯಿರಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಎದೆನೋವು, ಹಾವು, ರೆಫರಲ್ ಹಾಳೆ, ಸದ್ಯಕ್ಕೆ ಈ ಮೂರು ಇಟ್ಟುಕೊಳ್ಳುತ್ತೇನೆ. ಆದರೆ ಗೇಟಿನ ಟೈಮ್? ರಾತ್ರಿ ಗಾಡಿ ಬಂದರೆ ನಮ್ಮ ವಾಚ್‌ಮನ್ ಸ್ಟ್ರೆಚರ್ ಹಿಡಿಯಲು ಓಡಬೇಕು. ರಿಜಿಸ್ಟರ್ ಯಾವಾಗ ಬರೆಯುತ್ತಾನೆ?

ನರ್ಸಿಂಗ್ ಇನ್‌ಚಾರ್ಜ್, ಸಕಲೇಶಪುರ ಕಡೆ

ರಿಜಿಸ್ಟರ್ ಬೇಡ. ಒಂದು ಕಟ್ಟು ಖಾಲಿ ಚೀಟಿ, ದಾರ ಕಟ್ಟಿದ ಪೆನ್ನು ಗೇಟಲ್ಲಿ ಇಡಿ. ಟೈಮ್ ಒಂದನ್ನೇ ಗೀಚಿ ರೋಗಿಯ ಕಡೆಯವರ ಕೈಗೆ ಕೊಟ್ಟು ಓಡಲಿ. ಸಿಸ್ಟರ್ ಅದನ್ನೇ ಕೇಸ್ ಶೀಟಿಗೆ ಪಿನ್ ಮಾಡಿ ಇಸಿಜಿ ಟೈಮ್ ಅದರ ಕೆಳಗೇ ಬರೆಯಲಿ. ಪೆನ್ನು ಮಾತ್ರ ಎರಡು ಕಟ್ಟಿ, ಒಂದು ಹೋಗಿಯೇ ಹೋಗುತ್ತದೆ.